ಸ್ಟೇಷನ್ನಿಲ್ಲದ ಜಾಗ

ಗುಂಡಿ ಒತ್ತಿದ ಕೂಡಲೇ ರೇಡಿಯೋ ಹಾಡತೊಡಗಿತು. ಒಂದು ಚೂರೂ ಗರಗರ ಇಲ್ಲ. ಹೇಗಿದೆ ಎಂಬಂತೆ ರಿಪೇರಿ ಅಂಗಡಿಯ ಜಾವೀದ ಶಿವಕಾಂತಾಳ ಮುಖ ನೋಡಿದ. ಆ ಮುಖ ಇಳಿದುಹೋಗಿತ್ತು.

"ಚರ್ ಅನ್ನೂ ಸಪ್ಪಳ ಎಲ್ಲಿ ಹೋತೋ ಯಪ್ಪಾ?"

"ಅದನ್ನ ತಗದೇನ್ರಿ ಅವ್ವಾ. ಹಳೇ ಬೋರ್ಡ್ ಬಿಚ್ಚಿ ಎಫ್‌ಎಂ ಹಾಕೇನಿ. ಇನ್ನ ಸಿಡ್ಲ ಹೊಡದ್ರೂ ಗದ್ದಲ ಬರಂಗಿಲ್ರಿ."

ಕರಜಗಿಯಿಂದ ಅಫಜಲಪುರಕ್ಕೆ ಬಸ್ಸು ಹತ್ತಿ ಬಂದು ಅವಳು ಹೇಳಿದ್ದು ಇಷ್ಟೇ: ಮುಳ್ಳು ತಿರುಗಿಸುವ ಗುಂಡಿ ಸಡಿಲಾಗಿದೆ, ಬಿಗಿ ಮಾಡು. ಪುಣ್ಯಾತ್ಮ ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

ಅದು ಅವಳ ಗಂಡ ಶಂಕರಲಿಂಗನ ರೇಡಿಯೋ. ಮಳೆ ದಿನಗಳಲ್ಲಿ ತೊಗರಿ ಹೊಲಕ್ಕೆ ಹೋದರೆ ಅವನು ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಂದು ಬದುವಿನ ಮೇಲೆ ಇಡುತ್ತಿದ್ದ. ಊರವರ ರೇಡಿಯೋ ಹಾಡಿದರೆ ಇವನದು ಮೌನವ್ರತ ಹಿಡಿದಿದೆ ಎಂದು ಜನ ನಗುತ್ತಿದ್ದರು. ಆದರೆ ಭೀಮಾ ಹೊಳೆಯ ಆಚೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ ಮಿಂಚಿದರೂ ಅದು ಚರ್ ಎನ್ನುತ್ತಿತ್ತು. ಮಿಂಚಿನ ಸುದ್ದಿ ರೇಡಿಯೋದಲ್ಲಿ ಆ ಕ್ಷಣಕ್ಕೇ ಬರುತ್ತದೆ, ಗುಡುಗು ಪಾಪ ನಡೆದುಕೊಂಡು ಬರಬೇಕು ಎಂದು ಅವನು ಹೇಳುತ್ತಿದ್ದ. ಆಮೇಲೆ ಕೂಗುತ್ತಿದ್ದ: "ಶಿವಕಾಂತಾ, ಸಾಕು, ನಡಿ ಮನಿಗಿ."

ಒಂದು ಸಲವೂ ಅವಳು ಮೊದಲ ಕೂಗಿಗೆ ಎದ್ದವಳಲ್ಲ. ಇದೊಂದು ಸಾಲಿನ ಕಳೆ ಮುಗಿಯಲಿ ಎನ್ನುವಳು. ಅವನು ಬೈಯುತ್ತ ನಿಂತಿರುವನು, ಬಿಟ್ಟು ಮಾತ್ರ ಹೋಗುತ್ತಿರಲಿಲ್ಲ.

ಹೋದ ವರ್ಷ ಜ್ವರ ಬಂದು ನಾಲ್ಕೇ ದಿನಕ್ಕೆ ಅವನು ಹೋದ. ಅಂದಿನಿಂದ ಅವಳೂ ರೇಡಿಯೋ ಬದುವಿನ ಮೇಲಿಡುತ್ತಿದ್ದಳು. ಸಿಡಿಲಿನ ಭಯಕ್ಕಲ್ಲ. ಆ ಸದ್ದು ಬಂದರೆ ಬೆನ್ನ ಹಿಂದೆ ಅವನು ನಿಂತಿದ್ದಾನೆ ಅನ್ನಿಸುತ್ತಿತ್ತು, ಅದೊಂದೇ ಅವಳಿಗೆ ಉಳಿದಿತ್ತು.

ಇದನ್ನೆಲ್ಲ ಅವಳು ತಡವರಿಸುತ್ತ ಹೇಳಿದಳು. ಜಾವೀದ ಗುಜರಿ ಡಬ್ಬಿ ನೆಲಕ್ಕೆ ಸುರುವಿದ. ಹಳೇ ಬೋರ್ಡು ತಳದಲ್ಲಿತ್ತು. ಗಂಟೆಹೊತ್ತು ಬೆಸುಗೆ ಹಾಕಿ ಮತ್ತೆ ಅದನ್ನೇ ಕೂಡಿಸಿದ. ಅಂಗಡಿಯ ಫ್ಯಾನು, ಲೈಟು ಎರಡನ್ನೂ ಆರಿಸಿದ, ಅವೂ ರೇಡಿಯೋದಲ್ಲಿ ಗದ್ದಲ ಎಬ್ಬಿಸುತ್ತವಂತೆ.

ಶಿವಕಾಂತಾ ತಾನೇ ಮುಳ್ಳು ತಿರುಗಿಸಿ ಆ ಜಾಗಕ್ಕೆ ನಿಲ್ಲಿಸಿದಳು. ಸಣ್ಣಗೆ ಉಸಿರೆಳೆದಂಥ ಸದ್ದು, ಅಷ್ಟೇ.

"ಮ್ಯಾಲ ಮುಗಿಲ ಖುಲ್ಲಾ ಅದರಿ ಅವ್ವಾ, ಒಂದ ಮೋಡಾನೂ ಇಲ್ಲ. ಇವತ್ತ ಬರಲಿಕ್ಕಿಲ್ಲ."

ಅವಳು ತಲೆಯಾಡಿಸಿ ಅಲ್ಲೇ ಕುಳಿತಳು. ಸೆಕೆಗೆ ಇಬ್ಬರೂ ಬೆವೆತರು. ಮೂರರ ಬಸ್ಸು ಅಂಗಡಿಯ ಮುಂದೆಯೇ ಹಾರ್ನ್ ಹೊಡೆದು ಹೋಯಿತು, ಅವಳು ಏಳಲಿಲ್ಲ.

ಚರ್.

ಶಿವಕಾಂತಾ ಧಡಕ್ಕನೆ ಎದ್ದಳು. ಸೀರೆಗೆ ಮಣ್ಣು ಹತ್ತಿದೆಯೇನೋ ಎಂಬಂತೆ ಮೊಣಕಾಲು ಕೊಡವಿ, ಬಾಗಿಲ ಕಡೆ ತಿರುಗಿದಳು.

"ಬಂದೇನ್ರಿ," ಎಂದಳು. "ನಡ್ರಿ."

ಜಾವೀದ ಹೊರಗೆ ಬಗ್ಗಿ ನೋಡಿದ. ರಸ್ತೆಯ ಮೇಲೆ ಬಿಸಿಲು ಹಾಗೇ ಇತ್ತು.