ಅವರದ್ದೇ ಮನೆ

"ಯಾಕೆ ಹಾಗೆ ಹೇಳಿದ್ದು ಮಾರಾಯ್ರೆ?" ಎಂದು ವಕೀಲೆ ಪದ್ಮಾಕ್ಷಿ ಕೇಳಿದಾಗ ಖತೀಜಮ್ಮ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತರು.

ಬಂಟ್ವಾಳದ ಕೋರ್ಟು ಅವರ ದಾವೆಯನ್ನು ವಜಾ ಮಾಡಿತ್ತು. ಸರ್ಕಾರದ ವಸತಿ ಸಂಸ್ಥೆ ಮೂಡುಬಿದಿರೆಯ ಹೊರಗೆ ಅವರ ಗಂಡ ಅಬ್ದುಲ್ ರವೂಫರಿಗೆ ಒಂದು ಸೈಟು ಕೊಟ್ಟು, ಆಮೇಲೆ ನರಿಕೊಂಬಿನಲ್ಲಿ ಅವರಿಗೆ ಮೊದಲೇ ಸ್ವಂತ ಮನೆ ಉಂಟೆಂದು ಹಿಂದಕ್ಕೆ ಪಡೆದಿತ್ತು. ಗಂಡ ತೀರಿಕೊಂಡ ಮೇಲೆ ಖತೀಜಮ್ಮನೇ ಕೋರ್ಟಿನ ಮೆಟ್ಟಿಲು ಹತ್ತಿದರು. ಕಟಕಟೆಯಲ್ಲಿ ನಿಂತ ಅವರನ್ನು ಸಂಸ್ಥೆಯ ವಕೀಲರು ಬಹಳ ಮರ್ಯಾದೆಯಿಂದಲೇ ಕೇಳಿದ್ದರು: "ನರಿಕೊಂಬಿನ ಮನೆ ಯಾರದ್ದಮ್ಮ?"

"ಅವರದ್ದೇ" ಎಂದುಬಿಟ್ಟರು ಖತೀಜಮ್ಮ. ತೀರ್ಪು ಆ ಒಂದು ಮಾತಿನ ಮೇಲೆಯೇ ನಿಂತಿತ್ತು.

"ಮನೆ ನಿಮ್ಮ ತಾಯಿಯದ್ದು, ಉಮ್ಮನದ್ದಲ್ವಾ?" ಎಂದರು ಪದ್ಮಾಕ್ಷಿ.

"ಹೌದು. ಆದರೆ ಮನೆಯ ಅಳಿಯನ ಬಗ್ಗೆ ನಾಲ್ಕು ಜನರ ಎದುರು ಮನೆ ಇವರದ್ದಲ್ಲ ಅಂತ ಹೇಗೆ ಹೇಳುವುದು? ಸತ್ತವರು ಬೇರೆ."

ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಮದುವೆಯಾದ ಗಂಡಸು ಹೆಂಡತಿಯ ತಾಯಿಮನೆಗೆ ಬಂದಿರುವುದು ಹಳೆಯ ರೂಢಿ. ರವೂಫರೂ ಹಾಗೆಯೇ ಬಂದವರು. ಅವರಿಗೆ ಮೀನಿನ ನಡುತುಂಡು, ಒಳ್ಳೆಯ ಚಾಪೆ, ಎಲ್ಲರಿಗಿಂತ ಮೊದಲು ಊಟ. ಆದರೆ ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ. ಒಂದು ಲೋಟ ನೀರನ್ನೂ ಕೇಳಿ ಕುಡಿದವರಲ್ಲ.

ಸೈಟು ಸಿಕ್ಕಿದ ವಾರ ಇಬ್ಬರೂ ಬಸ್ಸು ಹಿಡಿದು ನೋಡಲು ಹೋಗಿದ್ದರು. ರವೂಫರು ಕೊಡೆಯ ತುದಿಯಿಂದ ಕೆಂಪು ಮಣ್ಣಿನಲ್ಲಿ ಗೆರೆ ಎಳೆದು, "ಇದು ಅಡುಗೆಕೋಣೆ. ಇಲ್ಲಿ ನಾನೇ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡ್ತೇನೆ. ನೀನು ಬೈಯಬೇಕು" ಎಂದಿದ್ದರು.

"ಈಗಲೇ ಬೈಯಲಾ?" ಎಂದು ಖತೀಜಮ್ಮ ನಕ್ಕಿದ್ದರು.

ಪದ್ಮಾಕ್ಷಿ ಕನ್ನಡಕ ಒರೆಸಿದರು. "ಅಪೀಲು ಹಾಕುವ. ಆದರೆ ಆ ಮಾತನ್ನು ಮರ್ಯಾದೆಗೆ ಹೇಳಿದ್ದು, ಆ ಮನೆಯಲ್ಲಿ ಅವರಿಗೆ ಹಕ್ಕು ಇರಲಿಲ್ಲ, ನೆಂಟರ ಹಾಗೆ ಇದ್ದರು ಅಂತ ನೀವೇ ಪ್ರಮಾಣಪತ್ರ ಕೊಡಬೇಕು. ಮೇಲಿನ ಕೋರ್ಟು ಒಪ್ಪುತ್ತದೋ ಇಲ್ಲವೋ, ನಾನು ಹೇಳ್ಲಿಕ್ಕಾಗುವುದಿಲ್ಲ."

ಖತೀಜಮ್ಮ ಬೆರಳಿಗೆ ಸುತ್ತಿದ್ದ ಅಂಚನ್ನು ಬಿಡಿಸಿದರು. "ಕೆಮ್ಮುತ್ತಿದ್ದರು" ಎಂದರು.

"ಯಾರು?"

"ಇವರು. ಗೇಟಿನ ಹತ್ತಿರ ನಿಂತು. ಒಳಗಿನ ಹೆಂಗಸರಿಗೆ ಗೊತ್ತಾಗಲಿ ಅಂತ. ಮೊಮ್ಮಕ್ಕಳಾದ ಮೇಲೂ ಕೆಮ್ಮದೆ ಒಳಗೆ ಬಂದವರಲ್ಲ."

ಪದ್ಮಾಕ್ಷಿಗೆ ನಗು ಬಂತು. "ಕೆಮ್ಮನ್ನು ಜಡ್ಜರ ಎದುರು ಹೇಗೆ ಇಡುವುದು ಅಮ್ಮಾ?" ಎಂದರೂ ಬರೆದುಕೊಂಡರು. ಓದಿ ಹೇಳುವಾಗ ಅವರ ಸ್ವರ ತಗ್ಗಿತ್ತು.

ನೆಂಟರ ಹಾಗೆ ಇದ್ದರು ಎಂಬ ಸಾಲಿನ ಕೆಳಗೆ ಖತೀಜಮ್ಮ ನಿಧಾನವಾಗಿ ಸಹಿ ಹಾಕಿದರು. ಕೋರ್ಟಿನಲ್ಲಿ ಆ ಸುಳ್ಳು ಹೇಳಿದ್ದು ಇದಕ್ಕಿಂತ ಸುಲಭವಾಗಿತ್ತು.

ನರಿಕೊಂಬಿಗೆ ಮುಟ್ಟುವಾಗ ಮಸೀದಿಯಲ್ಲಿ ಸಂಜೆಯ ನಮಾಜಿನ ಕರೆ, ಮಗ್ರಿಬ್ ಬಾಂಗ್ ಆಗುತ್ತಿತ್ತು. ಗೇಟಿನ ಚಿಲಕಕ್ಕೆ ಕೈ ಇಟ್ಟವರು ಅಲ್ಲೇ ನಿಂತರು. ಇಷ್ಟು ಸಂಜೆಗಳಲ್ಲಿ ತಾನು ಒಂದು ಸಲವೂ ಅವರು ನಿಂತು ಕೆಮ್ಮುತ್ತಿದ್ದ ಈ ಕಡೆ ನಿಂತು ಆ ಮನೆಯನ್ನು ನೋಡಿರಲಿಲ್ಲ.

"ಉಮ್ಮಾ, ನಿಮ್ಮ ಮನೆಗೆ ನಿಮ್ಮನ್ನೂ ಕರೆಯಬೇಕಾ?" ಎಂದು ಮಗಳು ನುಸ್ರತ್ ಒಳಗಿನಿಂದ ಕೂಗಿದಳು.

ಖತೀಜಮ್ಮ ನೇರ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿದರು. ಹಬೆ ಮುಖಕ್ಕೆ ಬಡಿಯಿತು.

"ಏನು, ಉಪ್ಪು ಸಾಲದಾ?"

"ಇಲ್ಲ ಮಗಳೇ. ಸುಮ್ಮನೆ ನೋಡಿದ್ದು. ನೀನು ಸ್ವಲ್ಪ ಬೈ."