ಸೇತುವೆ ದಾಟಿದ್ದು ಯಾರ ದಂಡು?

ಹೆಣಿಗೆ ಪತ್ರಿಕೆ ಮುಚ್ಚಿದ ಮೇಲೆ ಅದರ ಸಂಪಾದಕಿಯನ್ನು ಮಾಲೀಕರು ‘ಮೇಜುದಂಡು’ ಪತ್ರಿಕೆಗೆ ಹಾಕಿದರು. ಹೆಬ್ಬೆರಳುದ್ದದ ಸೀಸದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಯುದ್ಧ ಮಾಡುವವರ ಪತ್ರಿಕೆ ಅದು. ಮೊದಲ ದಿನವೇ ಓದುಗರೊಬ್ಬರು ಫೋನ್ ಮಾಡಿ, “ನನ್ನ ಕುದುರೆದಂಡು ಪೂರ್ತಿ ಸತ್ತೋಯ್ತು, ಪೊದೆ ಹಿಂದೆ ಇದ್ರೂ ಗುಂಡು ತಗಲುತ್ತಾ?” ಎಂದು ಅಳುದನಿಯಲ್ಲಿ ಕೇಳಿದಾಗ ಆಕೆ ತಬ್ಬಿಬ್ಬಾಗಿ, “ಸಮಾಧಾನ ಮಾಡ್ಕೊಳ್ಳಿ” ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದಳು.

ಇನ್ನೂ ಕಣ್ಣು ಕಟ್ಟಿ ಕಾಡಿನಲ್ಲಿ ಬಿಟ್ಟಂತಿರುವಾಗಲೇ ಮಾಲೀಕರು ವಿಶೇಷ ಸಂಚಿಕೆಗೆ ಪತ್ರಿಕೆಯ ಚರಿತ್ರೆ ಬರೆಯಲು ಹೇಳಿದರು.

ಚರಿತ್ರೆ ಶುರುವಾಗುವುದು ಒಂದು ಜಗಳದಿಂದ ಎಂಬುದು ಎಲ್ಲರಿಗೂ ಗೊತ್ತಿತ್ತು. ಪತ್ರಿಕೆ ಹುಟ್ಟುಹಾಕಿದವರು ಭಾವ ಮೈದುನ. ಭಾವನಿಗೆ ಮುದ್ರಣಾಲಯವಿತ್ತು. ಮೈದುನ ಹಲ್ಲಿನ ಡಾಕ್ಟರು. ಹಲ್ಲಿನ ಅಚ್ಚು ತೆಗೆಯುವ ಗಾರೆಯಲ್ಲೇ ಸೈನಿಕರ ಅಚ್ಚು ಮಾಡಿ ಸೀಸ ಎರೆಯುತ್ತಿದ್ದರು. ಭಾವನ ಮನೆಯ ಊಟದ ಮೇಜಿನ ಮೇಲೆ ಒಂದು ಸೇತುವೆಗಾಗಿ ವಾರಗಟ್ಟಲೆ ನಡೆದ ಕಾಳಗದ ಮೊದಲರ್ಧ ಮೊದಲ ಸಂಚಿಕೆಯಲ್ಲಿ ಅಚ್ಚಾಯಿತು. ಉಳಿದರ್ಧ ಎಂದೂ ಬರಲಿಲ್ಲ. ಅಷ್ಟರಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು. ಡಾಕ್ಟರು ಹೊರಟುಹೋದರು, ಭಾವ ಒಬ್ಬರೇ ಪತ್ರಿಕೆ ನಡೆಸಿ, ವಯಸ್ಸಾದ ಮೇಲೆ ಮಾರಿದರು.

ಸಂಪಾದಕಿ ಮೊದಲು ಭಾವನ, ಅಂದರೆ ಮುದ್ರಕರ ಮನೆಗೆ ಹೋದಳು.

“ನೋಡಮ್ಮ, ನಂದು ಕೆಂಪು ದಂಡು,” ಎಂದರು ಅವರು. “ಸೇತುವೆ ಆಚೆ ದಡದಲ್ಲಿತ್ತು. ನಾನು ಮುದ್ರಣಾಲಯಕ್ಕೆ ಹೋಗಿ ಬರೋಷ್ಟ್ರಲ್ಲಿ ಈಚೆ ದಡಕ್ಕೆ ಬಂದಿತ್ತು. ಸೀಸದ ಸೈನಿಕರಿಗೆ ಕಾಲು ಬರುತ್ತಾ? ಅವನೇ ಸರಿಸಿದ್ದು!”

ಆಕೆ ಎಲ್ಲ ಬರೆದುಕೊಂಡು ಡಾಕ್ಟರ ದವಾಖಾನೆಗೆ ಹೋದಳು. ಅವರು ರೋಗಿಯ ಬಾಯಲ್ಲಿ ಹತ್ತಿ ತುರುಕಿ, ಕೂತಿರಲು ಹೇಳಿ, ಹೊರಗೆ ಬಂದರು.

“ನಂದು ಕೆಂಪು ದಂಡು ಕಣಮ್ಮ. ಸೇತುವೆ ದಾಟಿ ನಿಂತಿತ್ತು. ಬೆಳಗ್ಗೆ ಬಂದು ನೋಡ್ತೀನಿ, ಹಿಂದಕ್ಕೆ ಹೋಗಿದೆ! ಭಾವನ ಕೈಚಳಕ ಅಲ್ದೆ ಇನ್ನೇನು?”

“ಕೆಂಪು ನಿಮ್ದಾ? ಅವರೂ ಹಾಗೇ...”

“ಅವರು ಏನ್ ಬೇಕಾದ್ರೂ ಹೇಳ್ತಾರೆ!”

ಆಕೆಗೆ ತಲೆ ಬುಡ ಗೊತ್ತಾಗಲಿಲ್ಲ. ಇಬ್ಬರೂ ಸುಳ್ಳು ಹೇಳುವವರಂತೆ ಕಾಣಲಿಲ್ಲ. ಹೆಣಿಗೆಯಲ್ಲಾದರೆ ಕುಣಿಕೆ ತಪ್ಪಿದಲ್ಲಿಗೆ ಬಿಚ್ಚಿ ಮತ್ತೆ ಹಾಕಬಹುದು. ಇಲ್ಲಿ ದಾರದ ತುದಿಯೇ ಸಿಗುತ್ತಿಲ್ಲ. ಮತ್ತೆ ಮುದ್ರಕರ ಮನೆಗೆ ಹೋದರೆ ಅವರಿರಲಿಲ್ಲ. ಹೆಂಡತಿ ಬಾಗಿಲು ತೆರೆದರು. ಡಾಕ್ಟರಿಗೆ ಈಕೆಯೇ ಅಕ್ಕ. ಕೆಂಪು ದಂಡು ಯಾರದು ಎಂದು ಸಂಪಾದಕಿ ಅವರನ್ನೇ ಕೇಳಿದಳು.

“ಎರಡು ದಂಡೂ ಕೆಂಪೇ,” ಎಂದರು ಅಕ್ಕ. “ಮನೇಲಿದ್ದದ್ದು ಗೇಟಿಗೆ ಬಳಿದು ಮಿಕ್ಕಿದ್ದ ಒಂದೇ ಡಬ್ಬಿ ಬಣ್ಣ. ಟೋಪಿ ನೋಡಿ ಗುರುತು ಹಿಡೀಬೇಕಿತ್ತು. ನಂಗೆ ಆ ಟೋಪಿ ಎಲ್ಲಾ ಒಂದೇ ಥರ ಕಾಣೋದು.”

“ನಿಮಗೆ ಯಾಕೆ ಕಾಣ್ಬೇಕಿತ್ತು?”

“ಊಟಕ್ಕೆ ನೆಂಟರು ಬಂದ್ರು. ಮೇಜು ಬೇಕಲ್ಲ? ಎಲ್ಲಾನೂ ಎತ್ತಿ ಬುಟ್ಟಿಗೆ ಹಾಕ್ದೆ. ಅವರು ಹೋದ್ಮೇಲೆ ಜ್ಞಾಪಕ ಇದ್ದ ಹಾಗೆ ಜೋಡಿಸಿಟ್ಟೆ.”

ಸಂಪಾದಕಿಯ ಕೈಲಿದ್ದ ಪೆನ್ನು ನಿಂತಿತು. “ಇದನ್ನ ಅವರಿಗೆ ಹೇಳ್ಲಿಲ್ವಾ?”

“ಹೇಳ್ದೆ. ಇಬ್ರೂ ಗಂಟಲು ಹರಿದುಕೊಂಡು ಕೂಗಾಡ್ತಿದ್ರು, ಯಾರಿಗೆ ಕೇಳ್ಸುತ್ತೆ? ಆಮೇಲೆ ಒಬ್ಬರು ಊಟ ಬಿಟ್ರು, ಇನ್ನೊಬ್ಬ ಊರೇ ಬಿಟ್ಟ ಹಾಗೆ ಬರೋದು ನಿಲ್ಲಿಸಿದ. ನಂಗೂ ಸಿಟ್ಟು ಬಂತು. ಸಾಯ್ಲಿ, ಗೊಂಬೆಗೆ ಹೊಡೆದಾಡೋರಿಗೆ ಏನು ಹೇಳೋದು ಅಂತ ಸುಮ್ಮನಾದೆ.” ಆಮೇಲೆ ಮೆಲ್ಲಗೆ, “ತಮ್ಮ ಚೆನ್ನಾಗಿದಾನಾ?” ಎಂದು ಕೇಳಿದರು.

ಯಾವುದನ್ನು ಅಚ್ಚು ಹಾಕುವುದು, ಯಾವುದನ್ನು ಬಿಡುವುದು? ಅಕ್ಕನ ಮಾತೇ ನಿಜ ಎನ್ನಿಸುತ್ತಿತ್ತು. ಆದರೆ ಅದನ್ನೊಂದೇ ಹಾಕಿದರೆ ಇಬ್ಬರು ಮುದುಕರು ಇಷ್ಟು ಕಾಲ ಕಾಪಾಡಿಕೊಂಡು ಬಂದ ಸಿಟ್ಟು ಗಾಳಿಗೆ ಹೋಗುತ್ತದೆ. ಬಿಟ್ಟರೆ ಅದು ಚರಿತ್ರೆ ಹೇಗಾದೀತು? ಕೊನೆಗೆ, ಆದದ್ದಾಗಲಿ ಎಂದು ಮೂವರು ಹೇಳಿದ್ದನ್ನೂ ಒಂದರ ಕೆಳಗೊಂದು ಹಾಕಿಬಿಟ್ಟಳು.

ಸಂಚಿಕೆ ಹೊರಬಿದ್ದ ಮರುದಿನ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬೇರೆ ಬೇರೆಯಾಗಿ ಹೊರಟು ಬಾಗಿಲಲ್ಲಿ ಎದುರಾದ ಭಾವ ಮೈದುನ ಇಬ್ಬರೂ ಏದುಸಿರು ಬಿಡುತ್ತ ಒಟ್ಟಿಗೆ ಒಳಗೆ ನುಗ್ಗಿದರು.

“ನಮ್ಮ ಕಾಳಗಾನ ಅಡಿಗೆಮನೆ ಪುರಾಣ ಮಾಡಿಬಿಟ್ರಲ್ಲಮ್ಮ!” ಎಂದರು ಮುದ್ರಕರು.

“ಅಕ್ಕಂಗೆ ಯುದ್ಧದ ಗಂಧಗಾಳಿ ಗೊತ್ತಿಲ್ಲ. ಅಲ್ವಾ ಭಾವ?”

“ಎಲ್ಲಿಂದ ಗೊತ್ತಿರುತ್ತೆ!” ಎಂದ ಮುದ್ರಕರು ತಟ್ಟನೆ ತಾನು ಯಾರಿಗೆ ಉತ್ತರ ಕೊಟ್ಟೆ ಎಂಬುದು ಹೊಳೆದು ಬಾಯಿ ಮುಚ್ಚಿದರು. ಬೈಸಿಕೊಂಡ ಸಂಪಾದಕಿಗೆ ಅಳಬೇಕೋ, ನಗಬೇಕೋ ತಿಳಿಯಲಿಲ್ಲ. ಎರಡು ಕುರ್ಚಿ ಎಳೆದು ಹಾಕಿದಳು.

“ನಿಜವಾಗ್ಲೂ ಏನಾಯ್ತು ಅಂತ ತೋರಿಸ್ಬಿಡ್ತೀನಿ,” ಎಂದು ಮುದ್ರಕರು ಆಕೆಯ ಮೇಜಿನ ಕಾಗದ ಬಾಚಿ ಪಕ್ಕಕ್ಕಿಟ್ಟರು. ಸ್ಟೇಪ್ಲರ್ ಸೇತುವೆಯಾಯಿತು. ಪೆನ್ನಿನ ಮುಚ್ಚಳ, ರಬ್ಬರು, ಗುಂಡುಸೂಜಿ ಎಲ್ಲ ಸಾಲುಗಟ್ಟಿ ನಿಂತವು.

“ಭಾವ, ಅದು ನನ್ನ ಕಡೇದು.”

“ಮುಟ್ಟಬೇಡ!”

ಯಾವ ಮುಚ್ಚಳ ಯಾರದೆಂದು ಸಂಪಾದಕಿಗೆ ಒಂದು ಚೂರೂ ಅರ್ಥವಾಗಲಿಲ್ಲ. ಚೆಲ್ಲಿಹೋದೀತೆಂದು ಗೋಂದಿನ ಬಾಟಲಿ ಎತ್ತಿಕೊಳ್ಳಲು ಕೈ ಚಾಚಿದಳು.

“ಹಾಂ, ಕೈ ಅಲ್ಲೇ ಇರ್ಲಿ,” ಎಂದರು ಡಾಕ್ಟರು. “ನೀನು ನದಿ ಕಣಮ್ಮ. ಅಲ್ಲಾಡ್ಬೇಡ.”