ಎರಡನೆಯ ಸಲ

ಮೇಜಿನ ಮೇಲೆ ಎಡಕ್ಕೆ ಮನೆಯ ಬೀಗದ ಕೈ, ಬಲಕ್ಕೆ ಒಂದು ಹಳದಿ ಪ್ಲಾಸ್ಟಿಕ್ ಮಗ್. ಎರಡನ್ನೂ ಇಟ್ಟು ಸುಮೇಧಾ ತನ್ನ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಪ್ರಣೀತಾ, ಎಲ್ಲಿರ್ತೀ? ಮನ್ಯಾಗೋ, ಇಲ್ಲೋ?"

ಪ್ರಣೀತಾ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಎರಡನ್ನೂ ನೋಡಿದಳು. ವಯಸ್ಸು ಮೂವತ್ತು ದಾಟಿದೆ, ಎರಡು ಜಡೆ ಹಾಗೆಯೇ ಇದೆ. ಮಾತು ಅವಳಿಗೆ ಅಷ್ಟಾಗಿ ಹತ್ತುವುದಿಲ್ಲ, ವಸ್ತು ಹತ್ತುತ್ತದೆ. ಬೀಗದ ಕೈ ಎಂದರೆ ಕೋಪರಖೈರಣೆಯ ಮನೆ. ಅಮ್ಮನ ಜೊತೆ ಹೊರಗೆ ಹೋಗಿ ಬಂದಾಗಲೆಲ್ಲ ಬಾಗಿಲು ತೆರೆಯುತ್ತಿದ್ದವಳು ಅವಳೇ. ಮಗ್ ಎಂದರೆ ಅವಳಂಥವರಿಗಾಗಿ ಇರುವ ಉಲ್ಹಾಸನಗರದ ಈ ವಸತಿ. ಹೋದ ವಾರ ಇಲ್ಲಿದ್ದು ನೋಡಲಿ ಎಂದು ಬಿಟ್ಟಾಗ ಅವಳ ಫೋಟೋ ಅಂಟಿಸಿ ಕೊಟ್ಟದ್ದು. ಕೆಳಗಿನ ಜೀನ್ಸ್ ಹೊಲಿಯುವ ಕಾರ್ಖಾನೆಯ ಸದ್ದು ನೆಲದ ಮೂಲಕ ಮೇಲಕ್ಕೆ ಬರುತ್ತಿತ್ತು.

ಅಣ್ಣ ಕೀರ್ತನ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಟೆಲಿನ ಗಲ್ಲಾ ಬಿಟ್ಟು ಬಂದವನು, ಫೋನನ್ನು ಕವುಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಪ್ರಣೀತಾ ಹೆದರದೆ ಇರಲಿ ಎಂದು ಅನಸೂಯಾ ಟೀಚರನ್ನು ಠಾಣೆಯ ಕೋಪರಿಯಿಂದ ಕರೆಸಿಕೊಂಡವನೂ ಅವನೇ. ಶಾಲೆಯಲ್ಲಿ ಹನ್ನೆರಡು ವರ್ಷ ಅವಳಿಗೆ ಕಲಿಸಿದವರು ಅವರು.

ಇಲ್ಲಿಯ ನಿಯಮವನ್ನು ವಸತಿ ನೋಡಿಕೊಳ್ಳುವ ಸುಮೇಧಾ ಮೊದಲೇ ಹೇಳಿದ್ದಳು. ಬರುವವರು ತಾವಾಗಿ ಒಪ್ಪದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಇರುವುದು ಒಂದೇ ಹಾಸಿಗೆ, ಅದಕ್ಕೆ ಬೇರೆಯವರೂ ಕಾಯುತ್ತಿದ್ದಾರೆ. ಕಲ್ಯಾಣದಲ್ಲಿ ಬೆಳೆದ ಧಾರವಾಡದ ಕಡೆಯ ಹುಡುಗಿ ಅವಳು. ಟೀಚರನ್ನು ಕಂಡ ಕೂಡಲೇ ಕಾಲು ಮುಟ್ಟಿದ್ದಳು. "ನಿಮ್ಮ ಟ್ರೇನಿಂಗಿಗೆ ನಾನು ಬಂದಿದ್ದೆ ಟೀಚರ್. ಶಾಲ್ಯಾಗಿಂದು ಇಲ್ಲೂ ನಡೀತದ ಅಂದಿದ್ರಿ. ಎರಡು ಇಡ್ರಿ, ಕಾಯ್ರಿ, ಅವರs ಆರಿಸ್ಲಿ ಅಂತ."

ಈಗಲೂ ಅವಳು ಚೆನ್ನಾಗಿಯೇ ಕಾಯುತ್ತಿದ್ದಳು. ಅನಸೂಯಾ ಕಣ್ಣು ತಗ್ಗಿಸಿ ಮನಸ್ಸಿನಲ್ಲಿ ಒಂದು ಷಟ್ಪದಿ ಹೇಳಿಕೊಳ್ಳತೊಡಗಿದರು. ತರಗತಿಯಲ್ಲಿ ಅವರು ಕಾಯುತ್ತಿದ್ದದ್ದು ಹಾಗೆ. ಗಡಿಯಾರ ನೋಡಿದರೆ ಮಗುವಿಗೆ ಅವಸರ ಗೊತ್ತಾಗುತ್ತದೆ, ಪದ್ಯಕ್ಕೆ ಅವಸರವಿಲ್ಲ. ಪ್ರಣೀತಾಳ ಕೈ ಏಳುತ್ತಿದ್ದದ್ದು ಯಾವಾಗಲೂ ಐದನೆಯ ಸಾಲಿಗೆ.

ಐದನೆಯ ಸಾಲಿಗೆ ಅವಳ ಕೈ ಎದ್ದಿತು. ಮಗ್ಗಿನ ಮೇಲೆ ಹಾದು ಬೀಗದ ಕೈಯ ಮೇಲೆ ನಿಂತಿತು. ಬೆರಳಿನಿಂದ ಅದನ್ನು ಒತ್ತಿ ಹಿಡಿದು ಟೀಚರ ಮುಖ ನೋಡಿದಳು.

ಕೀರ್ತನ್ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

ಸುಮೇಧಾ ಅವಳ ಬೆರಳಿನಡಿಯಿಂದ ಬೀಗದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಕೆಲವರಿಗೆ ಒಂದೇ ಪಕ್ಕದ್ದನ್ನು ಮುಟ್ಟುವ ರೂಢಿ ಇರುತ್ತದೆ, ಅದಕ್ಕೆ ಅದಲುಬದಲು ಮಾಡಿ ಇನ್ನೊಮ್ಮೆ ಕೇಳಬೇಕು ಎಂದು ಕೀರ್ತನ್‌ಗೆ ವಿವರಿಸಿದಳು. ಅದನ್ನೂ ಕಲಿಸಿದ್ದು ಅನಸೂಯಾ. ಈಗ ಮಗ್ ಎಡಕ್ಕೆ ಬಂತು, ಬೀಗದ ಕೈ ಬಲಕ್ಕೆ ಹೋಯಿತು.

"ಪ್ರಣೀತಾ, ಎಲ್ಲಿರ್ತೀ?"

ಅನಸೂಯಾ ಪದ್ಯವನ್ನು ಮತ್ತೆ ಮೊದಲಿನಿಂದ ಹಿಡಿದರು. ಮೊದಲ ಸಾಲು ಮುಗಿಯುವ ಮುಂಚೆಯೇ ಪ್ರಣೀತಾ ಎರಡೂ ಕೈಯಿಂದ ಮಗ್ಗನ್ನು ಎತ್ತಿಕೊಂಡಾಗಿತ್ತು. ಎತ್ತಿಕೊಂಡು ಟೀಚರ ಕಡೆ ನೋಡಿ ನಕ್ಕಳು.

ಆ ನಗು ಅನಸೂಯಾಗೆ ಗೊತ್ತಿತ್ತು. ತಪ್ಪು ಅನ್ನುವ ಮಾತನ್ನು ತರಗತಿಯಲ್ಲಿ ಅವರು ಆಡುತ್ತಿರಲಿಲ್ಲ. ಸರಿಯಾದದ್ದನ್ನು ಮುಟ್ಟಿದರೆ ಅಂಗೈಗೆ ಕಲ್ಲುಸಕ್ಕರೆ. ಇಲ್ಲದಿದ್ದರೆ ಅದಲುಬದಲು ಮಾಡಿ, ಅದೇ ದನಿಯಲ್ಲಿ, ಇನ್ನೊಮ್ಮೆ ಕೇಳುವುದು. ಎಷ್ಟು ಮಧ್ಯಾಹ್ನ ಹಾಗೆ ಕಳೆದಿತ್ತೋ. ಎರಡನೆಯ ಸಲ ಕೇಳಿದರೆಂದರೆ ಇನ್ನೊಂದನ್ನು ಎತ್ತಿಕೊಳ್ಳಬೇಕು.

"ಛಲೋ ಆತು" ಎಂದು ಸುಮೇಧಾ ಪೆನ್ನಿನ ಮುಚ್ಚಳ ತೆಗೆದಳು. ಕೀರ್ತನ್ ತಂಗಿಯ ಬೆನ್ನ ಮೇಲೆ ಕೈಯಿಟ್ಟು, ನೋಡಿ, ಅವಳೇ ಹೇಳಿದಳು ಅಂದ.

"ಅವಳ ಉತ್ತರ ಮೊದಲಿನದ್ದು" ಅಂದರು ಅನಸೂಯಾ.

ಇಬ್ಬರೂ ತಿರುಗಿದರು.

"ಅವಳಿಗೆ ತಪ್ಪು ಅಂತ ನಾನು ಯಾವತ್ತೂ ಹೇಳಿದವಳಲ್ಲ. ಪುನಃ ಕೇಳ್ತಿದ್ದೆ, ಅಷ್ಟೆ. ಪುನಃ ಕೇಳಿದ್ರೆ ತಪ್ಪಾಯ್ತು ಅಂತಲೇ ಅವಳಿಗೆ. ಈಗ ತಿದ್ದಿಕೊಂಡ್ಲು."

ಸುಮೇಧಾಳ ಪೆನ್ನು ನಿಂತಿತು. ಹಾಗಿದ್ದರೆ ತನ್ನಿಂದ ಸೇರಿಸಿಕೊಳ್ಳಲು ಆಗುವುದಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಆಮೇಲೆ ಕೇಳಿದಳು, "ಮತ್ತೊಮ್ಮೆ ಕೇಳೂಣೇನ್ರಿ?"

"ಕೇಳಿ" ಅಂದ ಕೀರ್ತನ್. "ಮೂರನೇ ಸಲ ಕೀ ಮುಟ್ತಾಳೆ, ನಾಲ್ಕನೇ ಸಲ ಮಗ್. ಸಾಯಂಕಾಲದವರೆಗೆ ಕೂತು ಕೇಳುವ, ಎಂತ?"

ಅವನು ಕವುಚಿದ್ದ ಫೋನನ್ನು ಮಗುಚಿ, ಮತ್ತೆ ಕವುಚಿ ಇಟ್ಟ.

"ಅಮ್ಮ ತೀರಿಹೋದ ಮೇಲೆ ಇವಳು ಎರಡು ಸಲ ಬಾಗಿಲು ತೆಗೆದು ಹೋಗಿದ್ದಾಳೆ ಟೀಚರ್, ಇದೇ ಕೀಯಲ್ಲಿ. ಅಮ್ಮನನ್ನು ಹುಡುಕ್ಲಿಕ್ಕೆ. ಎರಡನೇ ಸಲ ಹಳಿ ಮೇಲೆ ಇದ್ಲು. ಹಾರ್ನ್ ಹಾಕಿದ್ರೂ ಸರಿಯಲಿಲ್ಲಂತೆ, ಯಾರೋ ಪುಣ್ಯಾತ್ಮರು ಎಳೆದದ್ದು. ಈಗ ಹೊರಗಿಂದ ಚಿಲಕ ಹಾಕ್ತೇವೆ. ನನ್ನ ಹೆಂಡತಿ ರಮಿತಾ ಆಫೀಸಿಂದ ಬಂದು ತೆಗೆಯುವವರೆಗೆ ಇವಳು ಬಾಗಿಲು ಬಡೀತಾ ಇರ್ತಾಳೆ. ಪಕ್ಕದವರು ಹೇಳಿದ್ರು." ಅವನು ತಲೆಯೆತ್ತಲಿಲ್ಲ. "ನೀವೇ ಹೇಳಿ, ಎಲ್ಲಿಡ್ಲಿ? ನಿಮ್ಮಲ್ಲಿ ಜಾಗ ಉಂಟಾ?"

ಅನಸೂಯಾರದ್ದು ಕೋಪರಿಯಲ್ಲಿ ಮೂರನೆಯ ಮಾಳಿಗೆಯ ಒಂದು ಕೋಣೆ. ಕಂಬಿ ಹಿಡಿಯದೆ ಮೆಟ್ಟಿಲು ಇಳಿಯುವುದು ಈಗ ಅವರಿಗೆ ಆಗುವುದಿಲ್ಲ.

ಸುಮೇಧಾ ಇಬ್ಬರನ್ನೂ ನೋಡಿದಳು. "ನೀವು ಹೇಳಿದ್ಹಾಂಗ ಬರೀತೀನಿ ಟೀಚರ್. ನಿಮಗs ಆಕಿ ಗೊತ್ತು."

ಈ ಮಾತೆಲ್ಲ ನಡೆಯುವಷ್ಟು ಹೊತ್ತೂ ಪ್ರಣೀತಾ ಮಗ್ಗನ್ನು ಎಡಗೈಯಲ್ಲಿ ಎದೆಗೆ ಅವುಚಿಕೊಂಡು, ಬಲ ಅಂಗೈಯನ್ನು ಟೀಚರ ಮುಂದೆ ಚಾಚಿಕೊಂಡೇ ಇದ್ದಳು. ನಗು ಈಗ ಸ್ವಲ್ಪ ಕುಗ್ಗಿತ್ತು. ಅವಳು ಒಮ್ಮೆ ಬೀಗದ ಕೈಯ ಕಡೆ ನೋಡಿದಳು, ಮಗ್ಗಿನ ಕಡೆ ನೋಡಿದಳು. ಇದೂ ಅಲ್ಲವೇ ಎಂಬಂತೆ ಟೀಚರ ಮುಖ ನೋಡಿದಳು. ಅಂಗೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

ಅನಸೂಯಾರ ಚೀಲದಲ್ಲಿ ಕಲ್ಲುಸಕ್ಕರೆಯ ಪೊಟ್ಟಣವಿತ್ತು. ಬೆಳಗ್ಗೆ ದೇವರ ಮುಂದೆ ಇಟ್ಟು, ಎಷ್ಟೋ ವರ್ಷದ ಮೇಲೆ ಅವಳನ್ನು ನೋಡುತ್ತೇನೆಂದು ಕಟ್ಟಿಕೊಂಡು ಬಂದದ್ದು. ಅವರು ಪೊಟ್ಟಣ ಹೊರಗೆ ತೆಗೆದರು. ದಾರ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಮನಸ್ಸು ಅಭ್ಯಾಸದಿಂದ ಪದ್ಯ ಹಿಡಿಯಿತು, ಎರಡನೆಯ ಸಾಲು ಬರಲಿಲ್ಲ.

ಎರಡು ತುಂಡು ತೆಗೆದು ಆ ಅಂಗೈಯಲ್ಲಿ ಇಟ್ಟರು.

ಕೀರ್ತನ್ ಮುಖ ಒರೆಸಿಕೊಂಡು ಎದ್ದು ಕಿಟಕಿಯ ಹತ್ತಿರ ಹೋದ. ಕಲ್ಲುಸಕ್ಕರೆಯ ಅರ್ಥವನ್ನು ಟ್ರೇನಿಂಗಿನಲ್ಲಿ ಕೇಳಿದ್ದ ಸುಮೇಧಾ ಬರೆಯತೊಡಗಿದಳು. ಬೀಗದ ಕೈ ಮೇಜಿನ ಮೇಲೆ ಉಳಿದಿತ್ತು.

ಪ್ರಣೀತಾ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡಳು. ಶಾಲೆಯಲ್ಲಿದ್ದಾಗ ಎರಡನೆಯದನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದಳು, ಗೇಟಿನಲ್ಲಿ ಕಾಯುವ ಅಮ್ಮನಿಗೆಂದು. ಈಗ ಅದನ್ನು ಮಗ್ಗಿನೊಳಗೆ ಹಾಕಿದಳು. ಟಕ್ ಎಂದು ಸಣ್ಣಗೆ ಸದ್ದಾಯಿತು. ಬೀಳದಂತೆ ಮಗ್ಗಿನ ಬಾಯಿಗೆ ಅಂಗೈ ಮುಚ್ಚಿ, ಬಾಗಿಲಿನ ಕಡೆ ನೋಡುತ್ತ ಕೂತಳು.